ಅಧ್ಯಕ್ಷರ ಬಿಪಿಯೂ ನಮ್ಮ ಗುಡ್ಡೆಯ ಹಲಸಿನ ಮರವೂ

ನೋಟೀಸನ್ನು ಹಲಸಿನ ಮರದ ಕಾಂಡಕ್ಕೇ ಅಂಟಿಸಿ ಹೋಗಿದ್ದರು. ಮೊಳೆ ಹೊಡೆಯದೆ ಮೈದಾ ಅಂಟು ಹಚ್ಚಿದ್ದಾರೆ ಎಂಬ ಒಂದೇ ಕಾರಣಕ್ಕೆ ನನ್ನ ಅತ್ತೆ ಆ ಕೆಲಸ ಮಾಡಿದವರನ್ನು ಅರ್ಧ ಕ್ಷಮಿಸಿದರು. ಉಳಿದರ್ಧವನ್ನು ಅದರಲ್ಲಿ ಎಂತ ಬರೆದಿದೆ ಎಂದು ತಿಳಿದ ಮೇಲೆ ನೋಡುವ ಎಂದರು.

ತಿಳಿಯುವುದು ಅಷ್ಟು ಸುಲಭವಿರಲಿಲ್ಲ. ಮಂಗಳೂರಿನಿಂದ ಬಜಪೆ ಕಡೆಗೆ ಹೋಗುವ ರಸ್ತೆಯಿಂದ ಕವಲೊಡೆದು ಏರುವ ಗುಡ್ಡೆಯ ತಲೆಯ ಮೇಲೆ ನಮ್ಮ ಓಣಿ. ನಮ್ಮಂಥ ಕೊಂಕಣಿಯವರ ಮನೆಗಳು ಕೆಲವು, ತುಳುವಿನವರದ್ದು ಕೆಲವು, ತುದಿಯಲ್ಲಿ ಒಂದು ಬ್ಯಾರಿಗಳ ಮನೆ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ಮದುವೆಗೆ ಹೋಗುವಾಗ ಕಪಾಟಿನಿಂದ ತೆಗೆಯುವ ಸೀರೆಯ ಹಾಗೆ. ಆ ಸೀರೆಗೆ ಇಸ್ತ್ರಿ ಹಾಕುವ ಕೆಲಸ ನನ್ನದು. ನಾನು ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಓಣಿಗೆ ಸರಕಾರದ ಯಾವ ಕಾಗದ ಬಂದರೂ ಅದು ಮೊದಲು ನಮ್ಮ ಸಿಟ್‌ಔಟಿಗೆ ಬರುತ್ತದೆ. ಈ ಕಾಗದ ಮರಕ್ಕೆ ಅಂಟಿಕೊಂಡಿದ್ದರಿಂದ ನಾನೇ ಮರದ ಬಳಿಗೆ ಹೋಗಬೇಕಾಯಿತು.

ಎರಡು ಸಲ ಓದಿದೆ. ಸದರಿ ಜಾಗದ ಬಾಬ್ತು ಆಕ್ಷೇಪಣೆ ಹೊಂದಿರಬಹುದಾದ ಸಾರ್ವಜನಿಕರು ಖುದ್ದಾಗಿಯಾಗಲಿ ಲಿಖಿತವಾಗಿಯಾಗಲಿ ಹಾಜರಿರತಕ್ಕದ್ದು ಎಂದಿತ್ತು. ಲಿಖಿತವಾಗಿ ಹಾಜರಿರುವುದು ಹೇಗೆಂದು ನನಗೆ ಅರ್ಥವಾಗಲಿಲ್ಲ. ನನ್ನ ಸುತ್ತ ನಿಂತವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಂತ ಬರ್ದದ್ದು ಟೀಚರೇ?" ಎಂದು ಕೇಳಿದವರು ಎದುರು ಮನೆಯ ಧನಿಗಳು. ಹಂಪನಕಟ್ಟೆಯ ಹತ್ತಿರ ಅವರದ್ದೊಂದು ಹೋಟೆಲ್ ಉಂಟು. ಭಾರೀ ಆಳು, ಭಾರೀ ದನಿ, ಮನಸ್ಸು ಮಾತ್ರ ನೀರುದೋಸೆಯ ಹಾಗೆ.

"ಇಲ್ಲಿ ಕರೆಂಟಿನ ಸ್ಟೇಷನ್ ಬರ್ತದಂತೆ. ಬೇಡದವರು ಸಭೆಗೆ ಬಂದು ಹೇಳಬೇಕಂತೆ."

ನನ್ನ ಅತ್ತೆಗೆ ಎಡಗಿವಿ ಸ್ವಲ್ಪ ಮಂದ. "ಪೊಲೀಸ್ ಸ್ಟೇಷನ್ನಾ? ಬರ್ಲಿ, ಒಳ್ಳೇದಲ್ಲವಾ," ಎಂದರು.

"ಪೊಲೀಸ್ ಅಲ್ಲ ಬಾಯಮ್ಮ, ಕರೆಂಟು. ನಿಮ್ಮ ಹಲಸಿನ ಮರ ಕಡೀತಾರೆ," ಎಂದರು ಧನಿಗಳು.

ಅತ್ತೆ ಕೊಟ್ಟಿದ್ದ ಅರ್ಧ ಕ್ಷಮೆಯನ್ನು ಅಲ್ಲಿಯೇ ವಾಪಸ್ ತೆಗೆದುಕೊಂಡರು.

ಅತ್ತೆಯನ್ನು ನಾವು ಮಾಂಯ್ ಎನ್ನುತ್ತೇವೆ. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ನಿವೃತ್ತರಾದದ್ದು ಆಸ್ಪತ್ರೆಯಿಂದ ಮಾತ್ರ. ಮನೆ, ಓಣಿ, ಇಗರ್ಜಿಯ ಮೂರನೇ ಸಾಲಿನ ಬೆಂಚು, ಎಲ್ಲವೂ ಅವರಿಗೆ ಈಗಲೂ ವಾರ್ಡೇ. ಬೆಳಿಗ್ಗೆ ಓಣಿಯಲ್ಲಿ ಒಂದು ರೌಂಡ್ ಹೋಗುತ್ತಾರೆ. ಯಾರ ಕಾಲು ಊದಿದೆ, ಯಾರು ಮಾತ್ರೆ ತಪ್ಪಿಸಿದ್ದಾರೆ, ಯಾರ ಮನೆಯಲ್ಲಿ ಉಪ್ಪಿನಕಾಯಿ ಜಾಸ್ತಿ ಖರ್ಚಾಗುತ್ತಿದೆ, ಎಲ್ಲ ಅವರಿಗೆ ಗೊತ್ತು. ಅವರ ವ್ಯಾನಿಟಿ ಬ್ಯಾಗಿನಲ್ಲಿ ಜಪಸರ, ಪೆಪ್ಪರ್‌ಮಿಂಟ್ ಮತ್ತು ಬಿಪಿ ನೋಡುವ ಯಂತ್ರ ಒಟ್ಟಿಗೇ ಇರುತ್ತವೆ.

ಹಲಸಿನ ಮರವೂ ಆ ವಾರ್ಡಿನದ್ದೇ. ಓಣಿಯ ಕೊನೆಯ ಖಾಲಿ ಜಾಗ ಸರಕಾರದ್ದು, ಮರ ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ ಮರಕ್ಕೆ ನಮ್ಮಲ್ಲಿ ಇದ್ದಷ್ಟು ಕಾನೂನು ಬೇರೆ ಯಾವುದಕ್ಕೂ ಇರಲಿಲ್ಲ. ಕೆಳಗಿನ ಕೊಂಬೆಯದ್ದು ಕೊಂಕಣಿಯವರಿಗೆ, ಮೇಲಿನದ್ದು ತುಳುವಿನವರಿಗೆ, ರಸ್ತೆ ಬದಿಯದ್ದು ಬ್ಯಾರಿಗಳ ಮನೆಗೆ. ತಾನಾಗಿ ಬಿದ್ದದ್ದು ಮೊದಲು ಕಂಡವರಿಗೆ. ಮಾಂಯ್‌ಗೆ ಬೆಳಿಗ್ಗೆ ಬೇಗ ಎಚ್ಚರವಾಗುತ್ತದೆ, ಆದ್ದರಿಂದ ಬಿದ್ದದ್ದೆಲ್ಲ ನಮ್ಮ ಮನೆಗೇ ಬರುತ್ತಿತ್ತು. ಬಕ್ಕೆ ಹಲಸು ಅದು, ತೊಳೆ ಬೆರಳಿಗೆ ಗಟ್ಟಿಯಾಗಿ ಸಿಗುವ ಜಾತಿ. ಹಣ್ಣು ಮುಗಿದ ಮೇಲೆ ಬೀಜಕ್ಕೆ ಒಣ ಸಿಗಡಿ ಹಾಕಿ ಮಾಡಿದ ಪದಾರ್ಥ ಜೂನ್ ತಿಂಗಳಿಡೀ ನಡೆಯುತ್ತಿತ್ತು.

ಆ ಸಂಜೆ ನಮ್ಮ ಸಿಟ್‌ಔಟಿನಲ್ಲಿ ಓಣಿಯ ಸಭೆ ಸೇರಿತು. ಎಲ್ಲರಿಗೂ ಕರೆಂಟು ಬೇಕಿತ್ತು. ಬೇಸಿಗೆಯಲ್ಲಿ ನಮ್ಮ ಕಡೆ ವೋಲ್ಟೇಜ್ ಎಷ್ಟು ಕಡಿಮೆಯೆಂದರೆ, ಮಿಕ್ಸಿ ಹಾಕಿದರೆ ತೆಂಗಿನಕಾಯಿ ಯೋಚನೆ ಮಾಡುತ್ತಾ ತಿರುಗುತ್ತಿತ್ತು. ವಿದ್ಯುತ್ ಉಪಕೇಂದ್ರ ಬರಲೇಬೇಕು, ಆದರೆ ಇಲ್ಲಿ ಬರಬಾರದು. ಎಲ್ಲಿ ಬರಬಹುದು ಎಂಬ ಪ್ರಶ್ನೆಗೆ ಧನಿಗಳು ಬೆರಳನ್ನು ಗುಡ್ಡೆಯ ಕೆಳಗಿನ ಓಣಿಯ ಕಡೆಗೆ ತೋರಿಸಿದರು. "ಅಲ್ಲಿ ಸುಮ್ಮನೆ ಜಾಗ ಬಿದ್ದುಕೊಂಡುಂಟು ಮಾರಾಯ್ರೆ. ಅವರಿಗೆ ಎಂತ ತೊಂದರೆ?"

ಧನಿಗಳ ಬಳಿ ಒಂದು ವಾಟ್ಸಾಪ್ ಸಂದೇಶವಿತ್ತು. ದೊಡ್ಡ ಟ್ರಾನ್ಸ್‌ಫಾರ್ಮರಿನ ಹತ್ತಿರ ಕೋಳಿಗಳು ಮೊಟ್ಟೆ ಇಡುವುದಿಲ್ಲವೆಂದು ಅದರಲ್ಲಿ ಬರೆದಿತ್ತು. ನಮ್ಮ ಓಣಿಯಲ್ಲಿ ಯಾರೂ ಕೋಳಿ ಸಾಕಿಲ್ಲ ಎಂದು ನಾನು ನೆನಪಿಸಿದೆ.

"ಮುಂದೆ ಸಾಕುವವರು ಇರಬಹುದಲ್ಲ," ಎಂದರು ಧನಿಗಳು.

ಭಾಷಣದ ಹೊಣೆ ನನ್ನ ತಲೆಗೆ ಬಿತ್ತು. ಟೀಚರ ಕನ್ನಡ ಚಂದ ಉಂಟು, ಅಧಿಕಾರಿಗಳಿಗೆ ಮರ್ಯಾದೆ ಬರ್ತದೆ ಎಂದು ಎಲ್ಲರೂ ಒಪ್ಪಿದರು. ನಾನು ರಜೆಯಲ್ಲಿದ್ದೆ, ಉತ್ತರಪತ್ರಿಕೆ ತಿದ್ದುವ ಕೆಲಸವೂ ಮುಗಿದಿತ್ತು. ಉತ್ಸಾಹದಿಂದ ಬರೆದೆ. ಹಸಿರು, ನೆರಳು, ಭವಿಷ್ಯದ ಪೀಳಿಗೆ ಎಲ್ಲ ಬಂದವು. ಸುಳ್ಳೇಕೆ, ಬರೆಯುತ್ತಾ ಬರೆಯುತ್ತಾ ನನಗೇ ಕಣ್ಣೀರು ಬಂತು. ಮಾಂಯ್ ಅವರನ್ನು ಅಧಿಕಾರಿಯ ಜಾಗದಲ್ಲಿ ಕೂರಿಸಿ ಅಭ್ಯಾಸ ಮಾಡಿದೆ. ಮುಗಿಯುವಷ್ಟರಲ್ಲಿ ಅವರು ನಿದ್ದೆ ಹೋಗಿದ್ದರು. ನಾನು ಚಪ್ಪಾಳೆ ನಿರೀಕ್ಷಿಸಿ ಸುಮ್ಮನೆ ನಿಂತಾಗ ಎಚ್ಚರವಾಗಿ, "ಮುಗೀತಾ? ಮುಂದಿನವರನ್ನು ಕಳಿಸು," ಎಂದರು.

ಅಹವಾಲು ಸಭೆ ಇಟ್ಟದ್ದು ಗುಡ್ಡೆಯ ಬುಡದ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ. ಶಾಲೆಯ ಸಭಾಂಗಣದ ಮಾಡು ರಿಪೇರಿಯಲ್ಲಿದ್ದುದರಿಂದ ಸಭೆಯನ್ನು ಒಂದನೇ ತರಗತಿಯ ಕೋಣೆಗೆ ಬದಲಿಸಿದ್ದರು. ಬೆಂಚು ಮತ್ತು ಡೆಸ್ಕು ಒಂದೇ ಕಬ್ಬಿಣದ ಚೌಕಟ್ಟಿಗೆ ಕೂಡಿಕೊಂಡಿರುವ ಮಾದರಿಯವು. ಆರು ವರ್ಷದ ಮಕ್ಕಳ ಅಳತೆಗೆ ಮಾಡಿದವು. ಎರಡೂ ಓಣಿಗಳ ಹಿರಿಯರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದರು. ಗೋಡೆಯ ಮೇಲೆ ಅ ಅರಸ, ಆ ಆನೆ ಚಿತ್ರಗಳು. ಅವುಗಳ ಕೆಳಗೆ ಟೀಚರ ಮೇಜಿನ ಹಿಂದೆ ಸಭೆಯ ಅಧ್ಯಕ್ಷರು, ವಿದ್ಯುತ್ ಇಲಾಖೆಯ ಒಬ್ಬ ಯುವ ಮಹಿಳಾ ಇಂಜಿನಿಯರು, ಮರಗಳ ವಿಷಯ ನೋಡಲು ಬಂದ ಅರಣ್ಯ ಇಲಾಖೆಯವರು ಮತ್ತು ನಡಾವಳಿ ಬರೆದುಕೊಳ್ಳುವ ಗುಮಾಸ್ತರು.

ಅಧ್ಯಕ್ಷರು ಧಾರವಾಡದ ಕಡೆಯವರು. ಕರಾವಳಿಗೆ ವರ್ಗವಾಗಿ ಬಂದು ಹೆಚ್ಚು ಸಮಯವಾಗಿರಲಿಲ್ಲ. ಮೇ ತಿಂಗಳ ಸೆಕೆಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಒಳ್ಳೆಯ ಮನುಷ್ಯ. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಗುಮಾಸ್ತರಿಗೆ ಹೇಳಿದರು: "ನೋಡ್ರಿ, ಇದು ಸಾರ್ವಜನಿಕರ ಸಭಾ. ಇಲ್ಲಿ ಯಾರು ಏನ್ ಹೇಳಿದ್ರೂ ಬರಕೊಳ್ರಿ. ಒಂದು ಮಾತೂ ಬಿಡಬ್ಯಾಡ್ರಿ." ಗುಮಾಸ್ತರು ತಲೆಯಾಡಿಸಿದರು. ಅವರು ಎಂಥ ಆಜ್ಞಾಪಾಲಕರೆಂದು ನಮಗೆ ಆಗ ಗೊತ್ತಿರಲಿಲ್ಲ.

ಮೊದಲು ಇಂಜಿನಿಯರು ಎದ್ದು ಉಪಕೇಂದ್ರ ಯಾಕೆ ಬೇಕೆಂದು ವಿವರಿಸಿದರು. ವೋಲ್ಟೇಜ್ ಸಮಸ್ಯೆ, ಪದೇ ಪದೇ ಕರೆಂಟ್ ಹೋಗುವುದು. ಹೇಳುವಾಗಲೆಲ್ಲ ಆಕೆ ತಲೆಯ ಮೇಲಿನ ಫ್ಯಾನನ್ನು ಆಸೆಯಿಂದ ನೋಡುತ್ತಿದ್ದರು. ಈಗ ಒಮ್ಮೆ ಕರೆಂಟ್ ಹೋದರೆ ಅವರ ವಾದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ದಿನಾ ಹೋಗುತ್ತಿದ್ದ ಕರೆಂಟು ಆ ದಿನ ಮಾತ್ರ ಸಂಜೆಯವರೆಗೂ ಹೋಗಲಿಲ್ಲ.

ಆಮೇಲೆ ಆಕ್ಷೇಪಣೆ. ಧನಿಗಳ ಪಕ್ಕದಲ್ಲಿ, ಅದೇ ಬೆಂಚಿನಲ್ಲಿ, ಕೆಳಗಿನ ಓಣಿಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಕುಳಿತಿದ್ದರು. ಉದ್ದಕ್ಕೆ, ತೆಳ್ಳಗೆ, ಮಡಚಿದ ಕೊಡೆಯ ಹಾಗೆ. ಅವರು ಬಂದದ್ದು ಉಪಕೇಂದ್ರ ಮೇಲಿನ ಓಣಿಯಲ್ಲೇ ಆಗಲಿ ಎಂದು ಹೇಳಲು. ಧನಿಗಳು ಬಂದದ್ದು ಅದು ಕೆಳಗೆ ಹೋಗಲಿ ಎಂದು ಹೇಳಲು. ಜಾಗವಿಲ್ಲದೆ ಇಬ್ಬರೂ ಒಂದೇ ಬೆಂಚಿನಲ್ಲಿ ಸಿಕ್ಕಿಕೊಂಡಿದ್ದರು, ಮುಖ ಬೇರೆ ಬೇರೆ ದಿಕ್ಕಿಗೆ.

ಭಾಷಣ ನಾನು ಮಾಡುವುದೆಂದು ಮಾತಾಗಿತ್ತು. ಆದರೆ ಅಧ್ಯಕ್ಷರು "ಯಾರದರ ಆಕ್ಷೇಪಣಾ ಐತೇನ್ರಿ?" ಎಂದು ಕೇಳಿದ ಕೂಡಲೇ ಧನಿಗಳಿಗೆ ತಡೆಯಲಾಗಲಿಲ್ಲ. ಎದ್ದರು. ಅವರ ಹೊಟ್ಟೆಯು ಡೆಸ್ಕಿಗೂ ಬೆಂಚಿಗೂ ನಡುವೆ ಬಿಗಿಯಾಗಿ ಕೂತಿದ್ದರಿಂದ ಅವರೊಂದಿಗೆ ಬೆಂಚೂ ಎದ್ದಿತು. ಬೆಂಚಿನ ಗೋಡೆ ಬದಿಯ ತುದಿಯಲ್ಲಿದ್ದ ಬ್ಯಾಂಕಿನವರು ಬೀಳದಿರಲು ಡೆಸ್ಕನ್ನು ಹಿಡಿದುಕೊಂಡು ತಾವೂ ಎದ್ದರು. ಹೀಗೆ ಆಕ್ಷೇಪಣೆ ಇದೆ ಎಂದು ಎದ್ದದ್ದು ಮೂವರು: ಧನಿಗಳು, ಬೆಂಚು, ಬ್ಯಾಂಕಿನವರು.

"ಹೇಳ್ರಿ, ಇಬ್ಬರದೂ ಒಂದ ಆಕ್ಷೇಪಣಾ ಏನು?" ಎಂದರು ಅಧ್ಯಕ್ಷರು.

"ಅಲ್ಲ," ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಗುಮಾಸ್ತರು ಬರೆದುಕೊಂಡರು.

ಧನಿಗಳು ಕನ್ನಡದಲ್ಲೇ ಶುರುಮಾಡಿದರು. ಕೋಳಿಗಳ ವಿಷಯ ಬಂತು. ಮೊಟ್ಟೆ ಬಂತು. ಬ್ಯಾಂಕಿನವರು ನಡುವೆ ಬಾಯಿ ಹಾಕಿ, "ನಿಮ್ಮಲ್ಲಿ ಕೋಳಿ ಎಲ್ಲಿ ಉಂಟು? ಹೋಟೆಲಿನ ಸುಕ್ಕದಲ್ಲಿ ಮಾತ್ರ ಉಂಟು," ಎಂದರು. ಆ ಮಾತಿಗೆ ಧನಿಗಳ ಕನ್ನಡ ಮುಗಿಯಿತು. ಮುಂದಿನದ್ದೆಲ್ಲ ತುಳುವಿನಲ್ಲಿ, ಏರುದನಿಯಲ್ಲಿ, ಬೆಂಚನ್ನು ಅಲ್ಲಾಡಿಸುತ್ತಾ. ಕೊನೆಗೆ, "ಎಂಕ್ಲೆಗ್ ಮುಲ್ಪ ಬೊಡ್ಚಿ," ಎಂದು ಕೂತರು. ಬೆಂಚು ಕೂತಿತು. ಬ್ಯಾಂಕಿನವರೂ ಕೂತರು.

ಅಧ್ಯಕ್ಷರು ನನ್ನ ಕಡೆ ನೋಡಿದರು. "ಏನಂದ್ರು ಟೀಚರ?"

ನಡುವಿನಲ್ಲಿ ಬ್ಯಾಂಕಿನವರ ಅಜ್ಜನ ಕಾಲದ ಒಂದು ಬೇಲಿಯ ವಿಷಯ, ಅವರ ಮನೆಯ ನಾಯಿಯ ಸ್ವಭಾವ, ಮತ್ತು ತರಗತಿಯಲ್ಲಿ ಹೇಳಲಾಗದ ನಾಲ್ಕಾರು ಶಬ್ದಗಳಿದ್ದವು. ನಾನು ಎದ್ದು, "ಇಲ್ಲಿ ಬೇಡ ಅಂತ ಹೇಳಿದರು ಸರ್," ಎಂದೆ.

"ಅಷ್ಟ ಏನ್ರಿ? ಭಾಳ ಹೊತ್ತು ಮಾತಾಡಿದ್ರಲ್ಲ."

"ತುಳುವಿನಲ್ಲಿ ಸ್ವಲ್ಪ ಉದ್ದ ಆಗ್ತದೆ ಸರ್."

ನಿಂತಿದ್ದೇನಲ್ಲ ಎಂದು ನನ್ನ ಭಾಷಣವನ್ನು ಬ್ಯಾಗಿನಿಂದ ತೆಗೆದೆ. "ಮಾನ್ಯ ಅಧ್ಯಕ್ಷರೇ" ಎನ್ನುವಷ್ಟರಲ್ಲಿ ಗುಡ್ಡೆಯ ಮೇಲಿಂದ ವಿಮಾನ ಇಳಿಯಿತು. ಬಜಪೆಯ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ನಮ್ಮ ತೆಂಗಿನ ಮರಗಳಿಗೆ ನಮಸ್ಕಾರ ಮಾಡಿಕೊಂಡೇ ಹೋಗುವುದು. ಕಿಟಕಿಗಳು ಗಡಗಡ ಎಂದವು. ನಾನು ಬಾಯಿ ತೆರೆದುಕೊಂಡು ಕಾದೆ. ಸದ್ದು ಇಳಿದಾಗ ಅಧ್ಯಕ್ಷರು ಬೇರೆ ಯೋಚನೆಯಲ್ಲಿದ್ದರು.

"ಅಲ್ರೀ," ಎಂದು ಎಲ್ಲರನ್ನೂ ಕೇಳಿದರು, "ಉಪಕೇಂದ್ರದ್ದು ಗುಂಯ್ ಅಂತ ಸಣ್ಣ ಸಪ್ಪಳ. ಅದು ಬ್ಯಾಡ ಅಂತೀರಿ. ಇಷ್ಟು ದೊಡ್ಡ ವಿಮಾನದ ಸಪ್ಪಳಕ್ಕ ಯಾರೂ ಆಕ್ಷೇಪಣಾ ಮಾಡಲಿಲ್ಲೇನು?"

ಮುಂದಿನ ಬೆಂಚಿನಿಂದ ಮಾಂಯ್ ಎದ್ದರು. ಅವರು ಬೆಂಚಿಗೆ ಸರಿಯಾದ ಅಳತೆಯವರು, ಸಲೀಸಾಗಿ ಎದ್ದರು. "ಅದರಲ್ಲಿ ನಮ್ಮ ಮಕ್ಕಳು ದುಬೈಯಿಂದ ಬರ್ತಾರಲ್ಲ. ನಿಮ್ಮ ಟ್ರಾನ್ಸ್‌ಫಾರ್ಮರಿನಲ್ಲಿ ಯಾರು ಬರ್ತಾರೆ?"

ಕೋಣೆಯಲ್ಲಿ ಎರಡೂ ಓಣಿಯವರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅಧ್ಯಕ್ಷರೂ ನಕ್ಕರು. ನಗುವಾಗ ಅವರ ಮುಖ ಕೆಂಪಾಯಿತು. ನಕ್ಕು ಮುಗಿದ ಮೇಲೂ ಕೆಂಪಾಗಿಯೇ ಇತ್ತು. ಮಾಂಯ್ ಕನ್ನಡಕ ಸರಿಮಾಡಿಕೊಂಡು ಅವರನ್ನೇ ದಿಟ್ಟಿಸಿದರು. ಆ ನೋಟ ನನಗೆ ಗೊತ್ತಿತ್ತು. ನಾನು "ಮಾಂಯ್, ಬೇಡ," ಎಂದು ಪಿಸುಗುಟ್ಟಿದ್ದು ಅವರ ಎಡಗಿವಿಯ ಬದಿಯಿಂದ.

"ನಿಮಗೆ ತಲೆನೋವು ಉಂಟಾ?" ಎಂದು ಕೇಳಿದರು ಮಾಂಯ್.

"ಮುಂಜಾನೆಯಿಂದ ಸ್ವಲ್ಪ ಐತ್ರಿ. ಸೆಕಿ ನೋಡ್ರಿ."

"ಸೆಕೆ ಅಲ್ಲ ಅದು. ಕೈ ಕೊಡಿ."

ಯಾರಿಗೂ ಏನೂ ಮಾಡಲು ಸಮಯ ಸಿಗಲಿಲ್ಲ. ಮಾಂಯ್ ಟೀಚರ ಮೇಜಿನ ಮೇಲೆ ಬ್ಯಾಗ್ ಬಿಚ್ಚಿ ಜಪಸರವನ್ನು ಬದಿಗಿಟ್ಟು ಯಂತ್ರ ತೆಗೆದರು. ಅಧ್ಯಕ್ಷರ ತೋಳಿಗೆ ಪಟ್ಟಿ ಸುತ್ತಿದರು. ಸಭೆ ಕತ್ತು ಉದ್ದ ಮಾಡಿ ನೋಡಿತು. ಪುಸ್ ಪುಸ್ ಎಂದು ಗಾಳಿ ತುಂಬುವ ಸದ್ದು. ಇಳಿಯುವ ಮುಳ್ಳಿನ ಜೊತೆ ಮಾಂಯ್ ಅವರ ಹುಬ್ಬು ಏರುತ್ತಾ ಹೋಯಿತು.

"ಹೆಚ್ಚುಂಟು. ಮಾತ್ರೆ ತಗೊಳ್ತೀರಾ?"

"ತಗೋತೀನ್ರಿ. ಇವತ್ತ ಸಭಾದ ಗಡಿಬಿಡಿಯೊಳಗ ಮರ್ತೆ."

"ಮರ್ತದ್ದಾ? ನೀವು ಮರ್ತರೆ ಇವರಿಗೆ ಯಾರು ಹೇಳುವುದು?" ಎಂದು ಮಾಂಯ್ ಇಡೀ ಸಭೆಯನ್ನು ತೋರಿಸಿದರು. "ಮೊದಲು ಮಾತ್ರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಮಾತಾಡಬಾರದು."

ಸಾರ್ವಜನಿಕ ಅಹವಾಲು ಸಭೆಯ ಅಧ್ಯಕ್ಷರು ಜೀಪಿನಿಂದ ಮಾತ್ರೆ ತರಿಸಿ ನುಂಗಿ, ಅ ಅರಸ ಚಿತ್ರದ ಕೆಳಗೆ ಬೆರಳು ಬಾಯಿಯ ಮೇಲಿಟ್ಟ ಮಗುವಿನಂತೆ ಕುಳಿತರು. ಅಷ್ಟರಲ್ಲಿ ಚಹಾದೊಂದಿಗೆ ಗೋಳಿಬಜೆ ಬಂತು. ಅಧ್ಯಕ್ಷರ ತಟ್ಟೆಯನ್ನು ಮಾಂಯ್ ನಯವಾಗಿ ಎತ್ತಿ ಗುಮಾಸ್ತರ ಮುಂದಿಟ್ಟರು. ಗುಮಾಸ್ತರು ಎಡಗೈಯಲ್ಲಿ ತಿನ್ನುತ್ತಾ ಬಲಗೈಯಲ್ಲಿ ಬರೆಯುತ್ತಲೇ ಇದ್ದರು. ಈ ನಡುವೆ ಅರಣ್ಯ ಇಲಾಖೆಯವರು ಮೆಲ್ಲಗೆ ತೋಳು ಮಡಚಿ, "ಅಮ್ಮಾ, ನನ್ನದೂ ಒಂದು ನೋಡಿ," ಎಂದರು. ಅವರ ಹಿಂದೆ ಕೆಳಗಿನ ಓಣಿಯವರ ಸಾಲು. ಬ್ಯಾಂಕಿನವರು ಸಾಲಿಗೆ ಬರಬೇಕಾದರೆ ಧನಿಗಳೂ ಬರಬೇಕಿತ್ತು, ಆದ್ದರಿಂದ ಇಬ್ಬರನ್ನೂ ನಾಲ್ಕು ಜನ ಸೇರಿ ಬೆಂಚಿನಿಂದ ಬಿಡಿಸಿದರು. ಧನಿಗಳನ್ನು ಎಳೆಯುವಾಗ ಅತಿ ಹೆಚ್ಚು ಶ್ರಮಪಟ್ಟವರು ಬ್ಯಾಂಕಿನವರೇ. ಆಮೇಲೆ ಅವರಿಬ್ಬರೂ ಮಾತಾಡಿಕೊಂಡರು. ಬೆನ್ನುನೋವಿನ ಬಗ್ಗೆ.

ಅಧ್ಯಕ್ಷರ ಬಿಪಿ ಮತ್ತೊಮ್ಮೆ ನೋಡಿದಾಗ ಸ್ವಲ್ಪ ಇಳಿದಿತ್ತು. "ಈ ಕೋಣೆಯಲ್ಲಿ ಗಾಳಿ ಇಲ್ಲ," ಎಂದು ಮಾಂಯ್ ತೀರ್ಪು ಕೊಟ್ಟರು. "ಮೇಲೆ ಮರದ ಹತ್ತಿರ ಹೋಗುವ. ಅಲ್ಲಿ ಸಮುದ್ರದ ಗಾಳಿ ಬರ್ತದೆ. ನಡೆಯುವುದು ಬೇಡ, ಜೀಪು ಉಂಟಲ್ಲ."

ಸಭೆ ಹೀಗೆ ಗುಡ್ಡೆ ಹತ್ತಿತು. ಜೀಪಿನಲ್ಲಿ ಡ್ರೈವರಿನ ಪಕ್ಕ ಮಾಂಯ್, ಹಿಂದೆ ಅಧ್ಯಕ್ಷರು. ಉಳಿದ ನಾವೆಲ್ಲ ಏದುಸಿರು ಬಿಡುತ್ತಾ ಕಾಲುನಡಿಗೆಯಲ್ಲಿ. ಓಣಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಧನಿಗಳ ಹೆಂಡತಿ ಸರಕಾರಿ ಜೀಪಿನಲ್ಲಿ ಮಾಂಯ್ ಅವರನ್ನು ಕಂಡು ಗಾಬರಿಯಾಗಿ ಬೇಲಿಯವರೆಗೆ ಓಡಿ ಬಂದರು. "ಬಾಯಮ್ಮ, ನಿಮ್ಮನ್ನು ಎಂತಕ್ಕೆ ಹಿಡಿದದ್ದು? ಎಂತಾದರೂ ಹೇಳಿದ್ರಾ?"

"ನಾನೇ ಹಿಡಿದು ತಂದದ್ದು," ಎಂದರು ಮಾಂಯ್.

ಮರದ ಕೆಳಗೆ ನಿಜವಾಗಿಯೂ ಗಾಳಿ ಇತ್ತು. ದೂರದಲ್ಲಿ ಪಣಂಬೂರಿನ ಹಡಗುಗಳು ಕಾಣುತ್ತಿದ್ದವು. ಅಧ್ಯಕ್ಷರು ಕಲ್ಲಿನ ಮೇಲೆ ಕೂತು ಅಂಗಿಯ ಮೇಲಿನ ಗುಂಡಿ ಬಿಚ್ಚಿ, "ಏನ್ ತಂಪೈತ್ರೀ," ಎಂದರು. ತಲೆಯ ಮೇಲೆ ಹಣ್ಣಾದ ಹಲಸು ಘಮ್ಮೆನ್ನುತ್ತಿತ್ತು. ಅತಿಥಿಗಳು ಮರದ ಕೆಳಗೆ ಕೂತಿರುವಾಗ ಹಣ್ಣು ಕೊಡದಿರಲು ನಮಗೆ ಮನಸ್ಸು ಬರಲಿಲ್ಲ. ಬ್ಯಾರಿ ಮನೆಯವರು ದೋಟಿ ತಂದರು, ನಾನು ತೆಂಗಿನೆಣ್ಣೆ ತಂದೆ, ಧನಿಗಳು ಕತ್ತಿಗೆ ಎಣ್ಣೆ ಸವರಿ ತಾವೇ ಕೊಯ್ದರು. ಹೋಟೆಲಿನವರ ಕೈ, ಒಂದು ತೊಳೆಯೂ ಹರಿಯಲಿಲ್ಲ. ಮಾಂಯ್ ಅಧ್ಯಕ್ಷರಿಗೆ ನಾಲ್ಕು ತೊಳೆ ಮಂಜೂರು ಮಾಡಿದರು. ಐದನೆಯದನ್ನು ಅವರು ಬೇರೆ ಕಡೆ ನೋಡುತ್ತಾ ತಿಂದರು.

ಇಂಜಿನಿಯರು ಮಾತ್ರ ತಿನ್ನುತ್ತಾ ಜಾಗದಲ್ಲಿ ಆಚೀಚೆ ಓಡಾಡುತ್ತಿದ್ದರು. ಅವರ ಬಳಿಯಿದ್ದ ನಕ್ಷೆಯಲ್ಲಿ ಈ ಮರ ಒಂದು ಚುಕ್ಕೆಯಾಗಿತ್ತು, ಚುಕ್ಕೆಯ ಮೇಲೆ ಕಂಟ್ರೋಲ್ ರೂಮ್ ಕುಳಿತಿತ್ತು. "ಸರ್," ಎಂದು ಬಂದರು, ಬಾಯಿ ಒರೆಸಿಕೊಳ್ಳುತ್ತಾ. "ರೂಮನ್ನು ಆ ಬದಿಗೆ ಹಾಕಿ ಗೇಟು ಈ ಬದಿಗೆ ಮಾಡಿದರೆ ಮರ ಮೂಲೆಗೆ ಬರ್ತದೆ. ಲೈನಿಗೆ ದೂರ ಆಗ್ತದೆ. ಒಂದೆರಡು ಕೊಂಬೆ ಕತ್ತರಿಸಿದರೆ ಸಾಕು."

"ಅರಣ್ಯ ಇಲಾಖೆಯವರು ಏನಂತೀರಿ?"

ಅರಣ್ಯ ಇಲಾಖೆಯವರ ಬಾಯಿ ತುಂಬಿತ್ತು. ತಲೆಯಾಡಿಸಿದರು.

"ನೀವು ಏನಂತೀರಿ?" ಎಂದು ಅಧ್ಯಕ್ಷರು ನಮ್ಮನ್ನು ಕೇಳಿದರು.

ಉಪಕೇಂದ್ರವೇ ಇಲ್ಲಿ ಬೇಡ ಎನ್ನಲು ಬಂದವರು ನಾವು. ಆದರೆ ಕೆಳಗಿನ ಓಣಿಯವರು ನಮ್ಮ ಹಣ್ಣನ್ನು ತಿನ್ನುತ್ತಾ ನಿಂತಿರುವಾಗ ಅವರ ಮನೆಯೆದುರು ಹಾಕಿ ಎನ್ನಲು ಯಾರಿಗೂ ನಾಲಗೆ ಬರಲಿಲ್ಲ. ಮೊದಲು ಮಾತಾಡಿದವರು ಬ್ಯಾಂಕಿನವರು. ಸದ್ದು ಕೇಳದ ಹಾಗೆ ಗೋಡೆ ಎತ್ತರಕ್ಕೆ ಕಟ್ಟಿಸಿ ಸರ್, ಇವರಿಗೆ ಪಾಪ ಹತ್ತಿರ ಆಗ್ತದೆ ಎಂದರು. ಧನಿಗಳು ಅವರ ಕಡೆ ನೋಡಿ ಒಂದು ತೊಳೆ ಜಾಸ್ತಿ ಕೊಟ್ಟರು. ಮಾಂಯ್, "ಮರ ಇರ್ತದಲ್ಲ? ಹಾಗಾದರೆ ನೋಡುವ," ಎಂದರು. ನಮ್ಮ ಓಣಿಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ಕೊನೆಗೆ ಹಾಜರಿ ಹಾಳೆಗೆ ಎಲ್ಲರ ಸಹಿ ಬೇಕಿತ್ತು. ಹಲಸಿನ ಮೇಣದ ಬಗ್ಗೆ ಬಯಲುಸೀಮೆಯವರಿಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ಅಧ್ಯಕ್ಷರು ಕೈಗೆ ಎಣ್ಣೆ ಹಚ್ಚುವುದು ಬೇಡ ಎಂದಿದ್ದರು. ಅವರು ಸಹಿ ಹಾಕಿದ ಮೇಲೆ ಹಾಳೆ ಅವರ ಅಂಗೈಯಿಂದ ಬರಲಿಲ್ಲ. ಬಿಡಿಸಲು ಹೋದ ಗುಮಾಸ್ತರ ಕೈಗೆ ಪೆನ್ನು ಅಂಟಿತು. ಉಳಿದವರೆಲ್ಲ ಅಧ್ಯಕ್ಷರ ಅಂಗೈಯ ಮೇಲಿದ್ದ ಹಾಳೆಗೇ, ಒಬ್ಬರ ನಂತರ ಒಬ್ಬರು ಬಗ್ಗಿ, ಕೈಮುಗಿದು ಆಶೀರ್ವಾದ ಪಡೆಯುವವರಂತೆ ಸಹಿ ಹಾಕಿದೆವು.

ನನ್ನ ಭಾಷಣವನ್ನು ಯಾರೂ ಕೇಳಲಿಲ್ಲ. ಮರ ಉಳಿದ ಸಂತೋಷವಿತ್ತು, ಆದರೂ ಮನೆಗೆ ಬಂದಾಗ ಮುಖ ಸಣ್ಣದಾಗಿರಬೇಕು. ಗಂಡ ಬಂದರಿನ ಡ್ಯೂಟಿ ಮುಗಿಸಿ ಬಂದವರು ವಿಷಯ ಕೇಳಿ, "ಓದು, ನಾನು ಕೇಳ್ತೇನೆ," ಎಂದರು. ಅವರು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದಂತೆ ನಾನು ಎದುರು ನಿಂತು ಪೂರ್ತಿ ಓದಿದೆ. ಭವಿಷ್ಯದ ಪೀಳಿಗೆಯ ಜಾಗದಲ್ಲಿ ಮತ್ತೆ ಕಣ್ಣು ಒರೆಸಿಕೊಂಡೆ. "ಚಂದ ಉಂಟು," ಎಂದರು. ಆಮೇಲೆ, "ಇನ್ನು ಸ್ವಲ್ಪ ಸಾರು ಉಂಟಾ?" ಎಂದರು.

ದೀಪಾವಳಿ ಕಳೆದ ಮೇಲೆ ಆದೇಶ ಬಂತು, ಜೊತೆಗೆ ಸಭೆಯ ನಡಾವಳಿ. ಮತ್ತೆ ಸಿಟ್‌ಔಟಿನಲ್ಲಿ ಎಲ್ಲರೂ ಸೇರಿದರು, ಈ ಸಲ ಬ್ಯಾಂಕಿನವರೂ ಇದ್ದರು. ನಾನು ಗಟ್ಟಿಯಾಗಿ ಓದಿದೆ. ಗುಮಾಸ್ತರು ಒಂದು ಮಾತೂ ಬಿಟ್ಟಿರಲಿಲ್ಲ. ಮೇಲಿನ ಮತ್ತು ಕೆಳಗಿನ ಓಣಿಯ ಪ್ರತಿನಿಧಿಗಳು ಜಂಟಿಯಾಗಿ ಎದ್ದು ನಿಂತು, ತಮ್ಮ ಆಕ್ಷೇಪಣೆ ಒಂದೇ ಅಲ್ಲವೆಂದು ಒಮ್ಮತದಿಂದ ತಿಳಿಸಿದರು ಎಂದಿತ್ತು. ಒಬ್ಬ ಪ್ರತಿನಿಧಿಯು ಬೊಡ್ಚಿ ಎಂದು ಅಭಿಪ್ರಾಯಪಟ್ಟರು ಎಂದಿತ್ತು. ಇನ್ನೂ ಸಾಕಲ್ಪಡದ ಕೋಳಿಗಳ ಹಿತಾಸಕ್ತಿಯನ್ನು ಪರಿಗಣಿಸಲಾಯಿತು. ಸಭಾಧ್ಯಕ್ಷರ ರಕ್ತದೊತ್ತಡ ಹೆಚ್ಚಿರುವುದನ್ನು ಸಭೆಯು ಗಮನಿಸಿತು, ಗೋಳಿಬಜೆಯನ್ನು ಹಿಂಪಡೆಯಲಾಯಿತು. ಅರಣ್ಯ ಇಲಾಖೆಯು ಮೌನವಾಗಿ ಸಮ್ಮತಿಸಿತು. ಕೊನೆಯಲ್ಲಿ ಷರತ್ತುಗಳು: ಗೋಡೆ ಎತ್ತರವಿರತಕ್ಕದ್ದು, ಹಲಸಿನ ಮರವನ್ನು ಉಳಿಸತಕ್ಕದ್ದು, ಅದರ ಫಲವನ್ನು ವಾಡಿಕೆಯಂತೆ ಸ್ಥಳೀಯರಿಗೆ ಹಂಚತಕ್ಕದ್ದು.

ಧನಿಗಳು ನಕ್ಕೂ ನಕ್ಕೂ ಸಿಟ್‌ಔಟಿನ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದರು.

ಉಪಕೇಂದ್ರ ಬಂತು. ಅಪಾಯ ಎಂಬ ಫಲಕದ ಹಿಂದೆ, ಬೀಗ ಹಾಕಿದ ಗೇಟಿನ ಒಳಗೆ, ನಮ್ಮ ಹಣ್ಣುಗಳು ಸುಖವಾಗಿ ತೂಗುತ್ತಿವೆ. ಒಳಗೆ ಹೋಗಲು ನಮಗೆ ಅನುಮತಿ ಇಲ್ಲ, ಹೊರಗೆ ಕೊಡದಿರಲು ಅವರಿಗೆ ಅನುಮತಿ ಇಲ್ಲ. ಮೊದಲ ಬೇಸಿಗೆಯಲ್ಲಿ ಅಲ್ಲಿನ ಆಪರೇಟರ್ ಪಾಪ ನಮ್ಮ ಮನೆಗೇ ಬಂದು, "ವಾಡಿಕೆ ಅಂತ ಆರ್ಡರಿನಲ್ಲಿ ಉಂಟು. ವಾಡಿಕೆ ಅಂದರೆ ಎಂತ?" ಎಂದು ಕೇಳಿದರು. ಮಾಂಯ್ ಹೇಳಿದರು. ಅವರು ಹೇಳಿದ ವಾಡಿಕೆಯಲ್ಲಿ ಮೊದಲ ಹಣ್ಣು ಓಣಿಯ ಅತಿ ಹಿರಿಯ ಮಹಿಳೆಗೆ ಸೇರಬೇಕೆಂಬ ಒಂದು ಅಂಶವಿತ್ತು. ಅದನ್ನು ನಾವ್ಯಾರೂ ಮೊದಲು ಕೇಳಿರಲಿಲ್ಲ, ಆದರೂ ತಲೆಯಾಡಿಸಿದೆವು. ಕೆಳಗಿನ ಓಣಿಯವರೂ ಸ್ಥಳೀಯರೇ ಎಂದು ಬ್ಯಾಂಕಿನವರು ವಾದಿಸಿದಾಗ ಧನಿಗಳೇ ಎದ್ದು ನಿಂತು ಅವರ ಪರ ಮಾತಾಡಿದರು. ಈಗ ಶನಿವಾರ ಗೇಟಿನ ಹತ್ತಿರ ಹಂಚಿಕೆ. ಮಾಂಯ್ ಆಪರೇಟರ ಬಿಪಿ ನೋಡಿಯೇ ಹಣ್ಣು ಇಳಿಸಿಕೊಳ್ಳುವುದು.

ಗುಂಯ್ ಎಂಬ ಸದ್ದು ಇದೆ. ಗೋಡೆ ಎತ್ತರವಿದ್ದರೂ ಇದೆ. ಒಂದು ವಾರ ಕೇಳಿಸಿತು, ಆಮೇಲೆ ನಮಗೆ ಮರೆತುಹೋಯಿತು. ನಿಜವಾದ ತೊಂದರೆ ಬಂದದ್ದು ಯಾರೂ ಆಕ್ಷೇಪಿಸದ ಕಡೆಯಿಂದ. ಪೂರ್ತಿ ವೋಲ್ಟೇಜ್ ಬಂದ ಮೊದಲ ಮಧ್ಯಾಹ್ನ, ವರ್ಷಗಟ್ಟಲೆ ಆಲಸ್ಯದಿಂದ ತಿರುಗುತ್ತಿದ್ದ ನಮ್ಮ ಹಾಲ್‌ನ ಫ್ಯಾನು ಒಮ್ಮೆಲೇ ಬಜಪೆಗೆ ಹೊರಟ ವಿಮಾನದಂತೆ ತಿರುಗತೊಡಗಿತು. ಗೋಡೆಯ ಕ್ಯಾಲೆಂಡರ್ ಹಾರಿ ಸಾರಿನ ಪಾತ್ರೆಗೆ ಬಿತ್ತು. ನಿದ್ದೆಯಲ್ಲಿದ್ದ ಮಾಂಯ್ ಚಾದರ ಹುಡುಕುತ್ತಾ ಎದ್ದು ಕೂತರು. ಈಗ ನಮ್ಮ ಮನೆಯಲ್ಲಿ ಫ್ಯಾನಿನ ಸ್ಪೀಡನ್ನು ಎರಡಕ್ಕಿಂತ ಹೆಚ್ಚು ತಿರುಗಿಸಲು ಅವರು ಬಿಡುವುದಿಲ್ಲ. ಎಷ್ಟೇ ಸೆಕೆ ಇರಲಿ, ಕರೆಂಟು ಬೇಕಾದಷ್ಟು ಉಂಟು, ನಾವು ಬೆವರುತ್ತಾ ಕೂತಿರುತ್ತೇವೆ.